ಗಾಣದ ಚಕ್ರದ ವಿಂಚ್

ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿದವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಜಗಳದ ನಡುವೆ ನಿಂತಿದ್ದರೂ ಜಗಳಕ್ಕೆ ಸೇರದೆ ಇರುವುದು. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಹೊಲಗದ್ದೆಗಳ ಅಂಚಿನಲ್ಲೇ ನನ್ನ ನೌಕರಿ ಸವೆದಿದೆ. ಮೊದಲು ಸರಪಳಿ ಹಿಡಿದು ಅಳೆಯುತ್ತಿದ್ದೆವು. ಈಗ ಕೋಲಿನ ಮೇಲೆ ಕೂತ ಯಂತ್ರವೊಂದು ಆಕಾಶದ ಕಡೆ ನೋಡಿ ಅಳತೆ ಹೇಳುತ್ತದೆ. ಕೆಲಸ ಮಾತ್ರ ಅದೇ: ಅಳೆಯುವುದು, ಬಂದದ್ದನ್ನು ಹೇಳುವುದು, ಎರಡೂ ಕಡೆಯವರಿಂದ ಬೈಸಿಕೊಂಡು ಮಂಡ್ಯದ ಗುತ್ತಲಿನ ಮನೆಗೆ ವಾಪಸಾಗುವುದು. ಯಾರ ಪರವೂ ವಹಿಸದ ನನ್ನನ್ನು ನನ್ನ ಹೆಂಡತಿ ಹೊಲದ ಗಡಿಗೆ ನೆಟ್ಟ ಬಾಂದು ಕಲ್ಲು ಎನ್ನುತ್ತಾಳೆ. ಅದರಲ್ಲಿ ಹೊಗಳಿಕೆ ಎಷ್ಟು, ಬೈಗುಳ ಎಷ್ಟು ಎಂದು ನಾನು ಅಳೆಯಲು ಹೋಗಿಲ್ಲ.

ಇದರ ಬಿಸಿ ಅಕ್ಕನ ಮನೆಗೂ ತಟ್ಟಿದೆ. ಅಕ್ಕನನ್ನು ಕೊಟ್ಟಿರುವುದು ಸೋಮನಹಳ್ಳಿಗೆ. ಭಾವನದು ಹೆದ್ದಾರಿ ಪಕ್ಕದಲ್ಲೇ ವೆಲ್ಡಿಂಗ್ ಶಾಪು. ಕಬ್ಬಿನ ಟ್ರೈಲರ್‌ಗಳ ಮುರಿದ ಕೊಂಡಿ ಬೆಸೆಯುವುದು ಅವರ ಮುಖ್ಯ ಕಸುಬು. ಹಿಂದೊಮ್ಮೆ ಅವರಿಗೂ ಪಕ್ಕದ ಜಮೀನಿನವರಿಗೂ ಕೊಟ್ಟಿಗೆಯ ಗೋಡೆಯ ವಿಷಯಕ್ಕೆ ತಕರಾರು ಬಂತು. "ನಮ್ ಬಾಮೈದನೇ ಸರ್ವೇರು, ಅವ್ನೇ ಅಳೀಲಿ" ಎಂದು ಭಾವ ಎದೆಯುಬ್ಬಿಸಿ ನನ್ನನ್ನು ಕರೆಸಿದರು. ರಜೆಯ ದಿನ ಹೋಗಿ ಅಳೆದೆ. ಗೋಡೆ ಎರಡು ಗೇಣು ಪಕ್ಕದವರ ಜಮೀನಿಗೆ ಹೋಗಿತ್ತು. ಎಲ್ಲರ ಮುಂದೆಯೇ ಹೇಳಿದೆ. ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋದರೆ ಅಕ್ಕ ಒಳಗಿನಿಂದಲೇ "ಅಲ್ಲೇ ಮಡುಗ್ಬುಟ್ಟು ಓಗು" ಎಂದಳು, ಹೊರಗೆ ಬರಲಿಲ್ಲ. ಭಾವ ಮಾತ್ರ ಅಳೆದ ದಿನವೇ ಬಹಳ ಹೊತ್ತು ನನ್ನ ಮುಖ ನೋಡಿದ್ದರು, "ಅಳ್ತೆ ಅಳ್ತೆನೇ ಕಣ್ಲಾ" ಎಂದಿದ್ದರು, ಮಾರನೆಯ ದಿನ ಗೋಡೆ ಕೆಡವಿಸಿದ್ದರು.

ಅಂದಿನಿಂದ ನಾನು ಹೇಳಿದ ಅಳತೆಯೆಂದರೆ ಅವರಿಗೆ ಮುಗಿಯಿತು, ಮೇಲ್ಮನವಿಯಿಲ್ಲ. ಶಾಪಿನಲ್ಲಿ ಗಿರಾಕಿಗಳು ಚೌಕಾಸಿ ಮಾಡಿದರೆ "ನಮ್ ಬಾಮೈದನ್ನ ಕರುಸ್ಲಾ?" ಎಂದು ಹೆದರಿಸುತ್ತಿದ್ದರಂತೆ.

ಭಾವನಿಗೆ ಒಂದು ಹಳೆಯ ಜೀಪಿತ್ತು. ಹುಡ್ ಇಲ್ಲ, ಬಾಗಿಲಿಲ್ಲ, ಹಿಂದಿನ ಸೀಟಿನ ಜಾಗದಲ್ಲಿ ಹಲಗೆ. ನಾಲ್ಕೈದು ವರ್ಷಗಳಿಂದ ಈಚೆಗೆ ನಮ್ಮ ಕಡೆಯೂ ಜೀಪುಗಳ ಕೆಸರಾಟದ ಸ್ಪರ್ಧೆಗಳು ಶುರುವಾಗಿವೆ. ನೀರು ಬತ್ತಿದ ಕೆರೆಯ ಅಂಗಳದಲ್ಲಿ ಹೊಂಡ ತೋಡಿ, ನೀರು ಬಿಟ್ಟು, ಅದರೊಳಗೆ ಜೀಪು ಇಳಿಸುತ್ತಾರೆ. ಅದು ಹೂತುಕೊಳ್ಳಲೇಬೇಕು, ಅಷ್ಟು ಆಳ. ಆಮೇಲೆ ಜೀಪಿನ ಮೂತಿಯಲ್ಲಿರುವ ವಿಂಚಿನಿಂದ ಉಕ್ಕಿನ ಹಗ್ಗ ಬಿಚ್ಚಿ, ಎದುರಿನ ಮರಕ್ಕೆ ಕಟ್ಟಿ, ವಿಂಚಿನ ಡ್ರಮ್ಮು ಆ ಹಗ್ಗವನ್ನು ಸುತ್ತಿಕೊಳ್ಳುತ್ತಾ ಹೋದ ಹಾಗೆ ಜೀಪು ಮೇಲೆ ಬರಬೇಕು. ಎತ್ತು ತನ್ನ ಮೂಗುದಾರ ತಾನೇ ಹಿಡಿದು ತನ್ನನ್ನು ತಾನೇ ಎಳೆದುಕೊಂಡ ಹಾಗೆ. ಒಬ್ಬ ಓಡಿಸುವವನು, ಒಬ್ಬ ಹಗ್ಗ ಕಟ್ಟುವವನು. ಇಬ್ಬರಲ್ಲಿ ಯಾರೂ ಜೀಪನ್ನು ತಳ್ಳುವಂತಿಲ್ಲ, ಹೊರಗಿನವರಂತೂ ಮುಟ್ಟಲೇಬಾರದು. ಮುಟ್ಟಿದರೆ ಆ ಸುತ್ತು ರದ್ದು.

ಬೆಂಗಳೂರು, ಮೈಸೂರಿನಿಂದ ಬರುವವರ ವಿಂಚುಗಳು ಬ್ಯಾಟರಿಯಲ್ಲಿ ನಡೆಯುತ್ತವೆ. ಗುಂಡಿ ಒತ್ತಿದರೆ ಜುಂಯ್ ಎಂದು ಎಳೆಯುತ್ತವೆ. ಭಾವ ಅದನ್ನು ಕೊಳ್ಳಲಿಲ್ಲ, ತಾವೇ ಮಾಡಿದರು. ಭಾರತೀನಗರದ ಹತ್ತಿರ ಒಂದು ಆಲೆಮನೆಯಲ್ಲಿ ಹಳೆಯ ಕಬ್ಬಿನ ಗಾಣವನ್ನು ಬಿಚ್ಚಿ ಗುಜರಿಗೆ ಹಾಕುತ್ತಿದ್ದಾಗ ಅದರ ಹಲ್ಲುಚಕ್ರಗಳನ್ನು ತಂದು, ಜೀಪಿನ ಇಂಜಿನ್ನೇ ಅವನ್ನು ತಿರುಗಿಸುವ ಹಾಗೆ ಜೋಡಿಸಿದರು. ಎರಡು ಮಳೆಗಾಲ ಹಿಡಿಯಿತು. ತಿರುಗುವುದು ಬಲು ನಿಧಾನ. ಶಾಪಿಗೆ ಬಂದವರು "ಇದು ಜೀಪ್ ಎಳ್ಯಾಕಲ್ಲ, ಜೀಪ್ನ ಇಂಡಿ ರಸ ತಗ್ಯಾಕೆ" ಎಂದು ನಗುತ್ತಿದ್ದರು. ಭಾವನೂ ನಗುತ್ತಿದ್ದರು, ಆದರೆ ಅವರು ಹೋದ ಮೇಲೆ ಹೋಗಿ ಚಕ್ರದ ಹಲ್ಲಿಗೆ ಇನ್ನೊಂದಿಷ್ಟು ಗ್ರೀಸು ಮೆತ್ತುತ್ತಿದ್ದರು.

ಅಷ್ಟರಲ್ಲಿ ಅವರ ಎಡಮಂಡಿ ಕೆಟ್ಟಿತು. ಮಂಡ್ಯದ ಡಾಕ್ಟರು ಆಪರೇಷನ್ನಿನ ದಿನ ಗೊತ್ತು ಮಾಡಿ, ಇನ್ನು ಮೇಲೆ ಕ್ಲಚ್ಚು ತುಳಿಯುವುದನ್ನು ಮರೆತುಬಿಡಿ ಎಂದರು. ಅಕ್ಕ ಅದೇ ದಿನ ಜೀಪು ಮಾರಿಬಿಡುವುದೆಂದು ತೀರ್ಮಾನಿಸಿದಳು, ಕೊಳ್ಳುವವನೂ ಸಿಕ್ಕಿದ. ಆಪರೇಷನ್ನು ಶುಕ್ರವಾರ. ಅದಕ್ಕೆ ಮುಂಚಿನ ಭಾನುವಾರ ಮಳವಳ್ಳಿ ಕಡೆಯ ಒಂದು ಕೆರೆಯಂಗಳದಲ್ಲಿ ಸ್ಪರ್ಧೆ ಇತ್ತು. ಭಾವ ನನಗೆ ಫೋನು ಮಾಡಿದರು.

"ಬಾಮೈದ, ಬಾನುವಾರ ಬಾರ್ಲಾ. ನೀನು ಅಗ್ಗ ಕಟ್ಟು, ನಾನು ಓಡುಸ್ತೀನಿ."

"ನಂಗೇನ್ ಗೊತ್ತು ಬಾವ ಅದೆಲ್ಲ? ಬೇರೆ ಯಾರಾದ್ರೂ ಕರ್ಕಳಿ."

"ಗೆಲ್ಲಾದೇನೂ ಬ್ಯಾಡ ಕಣ್ಲಾ. ಅದು ಒಂದ್ಸಲ, ಒಂದೇ ಒಂದ್ಸಲ, ಯಾರ್ ಕೈಯೂ ಸೋಕ್ದಂಗೆ ತಾನಾಗೇ ಎಳ್ಕಂಡ್ ಬತ್ತದಾ ಇಲ್ವಾ ನೋಡ್ಬೇಕು. ನೀನಾದ್ರೆ ಇದ್ದುದ್ ಇದ್ದಂಗೆ ಯೋಳ್ತೀಯ. ಬೇರೆಯವ್ರು ನನ್ ಮಕ ನೋಡಿ ಯೋಳ್ತಾರೆ."

ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯಾಯಿತು.

ಭಾನುವಾರ ಬೆಳಿಗ್ಗೆ ಸೋಮನಹಳ್ಳಿಯಿಂದ ಹೊರಟೆವು. ಕಬ್ಬು ನುರಿಸುವ ಹಂಗಾಮು. ಭಾರತೀನಗರದಲ್ಲಿ ಫ್ಯಾಕ್ಟರಿ ಮುಂದೆ ಟ್ರ್ಯಾಕ್ಟರುಗಳ ಸಾಲು ರಸ್ತೆಯನ್ನೇ ನುಂಗಿತ್ತು. ಸಂದಿಯಲ್ಲಿ ನುಸುಳಿಕೊಂಡು ಹೋಗುವಾಗ ಭಾವ ಪ್ರತಿ ಟ್ರೈಲರಿನ ಕೊಂಡಿಯನ್ನೂ ನೋಡಿ, ಇದು ನನ್ನ ಬೆಸುಗೆ, ಇದು ನನ್ನದಲ್ಲ ಎಂದು ಲೆಕ್ಕ ಒಪ್ಪಿಸುತ್ತಿದ್ದರು.

ಕೆರೆಯಂಗಳದಲ್ಲಿ ಜೀಪುಗಳನ್ನು ತಪಾಸಣೆ ಮಾಡುವವನು ಬೆಂಗಳೂರಿನ ಯುವಕ, ಕುತ್ತಿಗೆಗೆ ಸೀಟಿ. ಅವನೇ ತೀರ್ಪುಗಾರ ಕೂಡ. ನಮ್ಮ ಜೀಪಿನ ಮೂತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಇದು ಯಾವ ಕಂಪನೀದು ಸರ್?"

"ಸೋಮನಳ್ಳೀದು" ಎಂದರು ಭಾವ.

ಅವನು ಅದನ್ನೇ ಬರೆದುಕೊಂಡ.

ಈಗ ನಮ್ಮ ಕಡೆಯ ಒಂದು ನಡೆವಳಿಕೆಯನ್ನು ಹೇಳಬೇಕು. ಇಲ್ಲಿ ಕಬ್ಬು ತುಂಬಿದ ಗಾಡಿ ಹೂತುಕೊಂಡರೆ ಆ ದಾರಿಯಲ್ಲಿ ಹೋಗುವವರು ಹಾಗೇ ಹೋಗುವುದಿಲ್ಲ. ನಿಲ್ಲುತ್ತಾರೆ, ಪಂಚೆ ಎತ್ತಿ ಕಟ್ಟುತ್ತಾರೆ, ಹೆಗಲು ಕೊಡುತ್ತಾರೆ, ಗಾಡಿ ಎದ್ದ ಮೇಲೆ ಕೆಸರು ಕೊಡವಿಕೊಂಡು ಹೋಗುತ್ತಾರೆ. ಯಾರೂ ಕರೆಯುವುದಿಲ್ಲ, ಉಪಕಾರವಾಯಿತು ಎಂದು ಯಾರೂ ಹೇಳುವುದೂ ಇಲ್ಲ. ನಮ್ಮ ತಂದೆ ಹದಿನಾಲ್ಕು ವರ್ಷ ಒಬ್ಬರ ಮೇಲೆ ಕೋರ್ಟಿನಲ್ಲಿ ದಾವೆ ನಡೆಸಿದರು. ಮುಖ ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಆ ಮನುಷ್ಯನ ಗಾಡಿ ನಾಲೆ ಏರಿಯ ಕೆಳಗೆ ಹೂತಿತ್ತು. ಅಪ್ಪ ಸೈಕಲ್ಲು ಒರಗಿಸಿ ಇಳಿದು ಹೋಗಿ, ಚಕ್ರಕ್ಕೆ ಹೆಗಲು ಕೊಟ್ಟು ಎತ್ತಿಸಿ, ಒಂದು ಮಾತೂ ಆಡದೆ ಸೈಕಲ್ಲು ಹತ್ತಿದರು. ಮುಂದಿನ ವಾಯಿದೆಗೆ ಇಬ್ಬರೂ ಎಂದಿನಂತೆ ಒಬ್ಬರ ಮೇಲೊಬ್ಬರು ಕೆಂಡ ಕಾರಿದರು. ಆಗ ನಾನು ಏರಿಯ ಮೇಲೆ ನಿಂತು ನೋಡುತ್ತಿದ್ದೆ. ಇಳಿದಿರಲಿಲ್ಲ. ಹೊಸ ಪ್ಯಾಂಟು ಹಾಕಿಕೊಂಡಿದ್ದೆ ಎಂಬುದು ನೆನಪಿದೆ.

ಆ ಭಾನುವಾರ ಸುತ್ತಲಿನ ಹಳ್ಳಿಗಳಿಂದ ಜನ ಬಂದು ಕೆರೆ ಏರಿಯ ಮೇಲೆ ಸಾಲಾಗಿ ಕೂತಿದ್ದರು. ಮೊದಲ ಕೆಲವು ಜೀಪುಗಳು ಬ್ಯಾಟರಿ ವಿಂಚಿನವು. ಹೂತ ಸ್ವಲ್ಪ ಹೊತ್ತಿಗೇ ಎದ್ದು ಬಂದವು. ಜನಕ್ಕೆ ಅದು ಆಟವೆನಿಸಿತು, ಕೇಕೆ ಹಾಕಿದರು. ನಮ್ಮ ಸರದಿ ಬಂತು. ಭಾವ ಇಳಿಸಿದರು. ಜೀಪು ಗಾಲಿಗಳ ಇರುಸಿನ ತನಕ ಕೆಸರಿನಲ್ಲಿ ಕೂತಿತು.

ನಾನು ಹಗ್ಗದ ತುದಿ ಹಿಡಿದು ಎದುರಿನ ಹುಣಸೆ ಮರಕ್ಕೆ ಓಡಿದೆ. ತೊಗಟೆಗೆ ಪೆಟ್ಟಾಗದಂತೆ ಅಗಲದ ಪಟ್ಟಿ ಸುತ್ತಿ, ಕೊಂಡಿ ಹಾಕಿ, ಹಗ್ಗ ತುಂಡಾದರೆ ಹಾರದಿರಲೆಂದು ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಪಕ್ಕಕ್ಕೆ ಸರಿದು ಕೈಯೆತ್ತಿದೆ. ಭಾವ ವಿಂಚಿನ ಹಿಡಿ ಎಳೆದರು. ಚಕ್ರಗಳು ಗಡಗಡ ಎಂದವು. ಏರಿಯ ಮೇಲಿನಿಂದ ಯಾರೋ "ಲೇ, ಆಲೆಮನೆ ಸದ್ದು ಬತ್ತಾ ಅದೆ ಕಣ್ಲಾ" ಎಂದು ಕೂಗಿದ.

ಹಗ್ಗ ಬಿಗಿಯಾಯಿತು. ಜೀಪು ಒಂದು ಗೇಣು ಬಂತು. ಮತ್ತೊಂದು ಗೇಣು. ಅಷ್ಟು ನಿಧಾನವಾಗಿ ಯಾವುದೂ ಕೆಸರಿನಿಂದ ಎದ್ದದ್ದನ್ನು ನಾನು ಕಂಡಿಲ್ಲ. ಏರಿಯ ಮೇಲೆ ಕೇಕೆ ನಿಂತಿತ್ತು. ಜನ ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು. ಅವರ ಕಣ್ಣಿಗೆ ಅದು ಆಟವಾಗಿ ಉಳಿದಿರಲಿಲ್ಲ, ವಯಸ್ಸಾದ ಮನುಷ್ಯನೊಬ್ಬನ ಗಾಡಿ ಹೂತಿತ್ತು ಅಷ್ಟೆ. ಹೊಂಡದ ಅಂಚಿಗೆ ಮುಂದಿನ ಗಾಲಿಗಳು ತಾಕಿದಾಗ ಇಂಜಿನ್ ಕುಗ್ಗಿತು. ಇಂಥ ಕಡೆ ಕ್ಲಚ್ಚು ತುಳಿದು ಎಳೆತ ನಿಲ್ಲಿಸಿ, ಒಂದು ಗಳಿಗೆ ತಡೆದು, ಮತ್ತೆ ಎಳೆತ ಕೊಡಬೇಕು ಎಂದು ಭಾವ ಮೊದಲೇ ಹೇಳಿದ್ದರು. ಕ್ಲಚ್ಚು ತುಳಿದರು. ಜೀಪು ನಿಂತಿತು.

"ಏನ್ ನೋಡ್ತಾ ನಿಂತಿದ್ದೀರ್ಲಾ!" ಎಂದು ಏರಿಯಿಂದ ಒಂದು ದನಿ ಬಂತು. ತಲೆಗೆ ಟವೆಲ್ ಸುತ್ತಿದ ಮುದುಕರೊಬ್ಬರು ಪಂಚೆ ಎತ್ತಿ ಕಟ್ಟಿ ಹೊಂಡಕ್ಕೆ ಇಳಿದೇಬಿಟ್ಟರು. ಅವರ ಹಿಂದೆ ಹನ್ನೆರಡೋ ಹದಿನೈದೋ ಜನ. ನಾನು ಎರಡೂ ಕೈ ಅಗಲಿಸಿ ಅಡ್ಡ ಹೋದೆ.

"ಮುಟ್ಬೇಡಿ! ಮುಟ್ಟಿದ್ರೆ ನಾವು ಸೋತಂಗೆ!"

"ಸೋಲಾದು ಅಂಗಿರ್ಲಿ, ಮೊದ್ಲು ಗಾಡಿ ಈಚ್ಗೆ ಬರ್ಲಿ, ಸರ್ಕಳಯ್ಯ!"

ನನ್ನನ್ನು ಬಾಳೆಗಿಡ ಸರಿಸಿದ ಹಾಗೆ ಪಕ್ಕಕ್ಕೆ ಸರಿಸಿದರು. ಐಸಾ, ಇನ್ನೊಂಚೂರು ಐಸಾ ಎಂದು ಮೂರು ಸಲ ಕೂಗಿದ್ದೇ ತಡ, ಜೀಪು ದಡದ ಮೇಲಿತ್ತು. ತೀರ್ಪುಗಾರ ಸೀಟಿ ಊದುತ್ತಲೇ ಇದ್ದ. ಅದು ತಮ್ಮನ್ನು ಹುರಿದುಂಬಿಸಲು ಊದಿದ್ದೆಂದು ಅವರು ತಿಳಿದಿದ್ದರು.

ಸುತ್ತು ರದ್ದಾಯಿತು ಎಂದು ಆ ಯುವಕ ಮುದುಕರಿಗೆ ವಿವರಿಸಿದ. ಅವರು ಕೊನೆಯ ತನಕ ಕೇಳಿಸಿಕೊಂಡು, "ಎಲ್ಲಾ ಸರಿ. ಆದ್ರೆ ಸುಮ್ಕೆ ನಿಂತ್ಕಂಡು ನೋಡಕ್ಕಾದದಾ ಸೋಮಿ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈವಯ್ಯ ನಿಂತಿದ್ನಪ್ಪ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ನಿಯಮ ಪಾಲಿಸಿದವನು ನಾನೊಬ್ಬನೇ, ಮಾತು ಕೇಳಬೇಕಾದವನೂ ನಾನೇ. ಈ ಜನಕ್ಕೆ ಅಳತೆ ಎಂದರೆ ಏನೆಂದು ಯಾವತ್ತು ಗೊತ್ತಾಗುತ್ತದೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮೂವತ್ತು ವರ್ಷ ಬೈಸಿಕೊಂಡದ್ದರಲ್ಲಿ ಇದೊಂದು ಮಾತು ಮಾತ್ರ ಮೈಗೆ ಅಂಟಿತು.

ಭಾವ ಯಾರನ್ನೂ ಬೈಯಲಿಲ್ಲ. ಮುದುಕರಿಗೆ ಎಲೆಯಡಿಕೆ ಕೊಟ್ಟು, ತಾವೂ ಹಾಕಿಕೊಂಡು, ಬಾನೆಟ್ಟಿಗೆ ಒರಗಿ ನಿಂತಿದ್ದರು. ಅವರೆಲ್ಲ ಏರಿ ಹತ್ತಿ ಹೋದ ಮೇಲೆ ನನ್ನನ್ನು ಕೇಳಿದರು.

"ಅವ್ರು ಕೈ ಆಕ್ದಾಗ ಬತ್ತಿತ್ತಾ, ನಿಂತಿತ್ತಾ?"

"ನಿಂತಿತ್ತು ಬಾವ."

"ನಾನೇ ನಿಲ್ಸಿದ್ದು. ಇನ್ನೊಂದ್ಸಲ ಕೊಟ್ಟಿದ್ರೆ ಬತ್ತಿತ್ತಾ?"

"ಅದು ಗೊತ್ತಿಲ್ಲ" ಎಂದೆ. ಗೊತ್ತಿರಲಿಲ್ಲ.

ಅವರು ತಲೆಯಾಡಿಸಿದರು. ವಾಪಸು ಬರುವಾಗ ಭಾರತೀನಗರದಲ್ಲಿ ಒಂದು ಕೊಂಡಿಯನ್ನೂ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಮತ್ತೆ ಫೋನು ಬಂತು. ಮಾರನೆಯ ದಿನ ಜೀಪು ಕೊಂಡವನು ಬರುತ್ತಾನೆ, ಅದಕ್ಕೆ ಮೊದಲು ಒಂದು ಸಲ ಹೋಗಿ ಬರೋಣ ಎಂದರು. ನಾನು ಅರ್ಧ ದಿನ ರಜೆ ಹಾಕಿದೆ. ಸೋಮನಹಳ್ಳಿಗೆ ಹೋದರೆ ಅಕ್ಕ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಟ್ಟಿದ್ದಳು. "ಇಬ್ರುಗೂ ಬುದ್ದಿ ಇಲ್ಲ. ಅವ್ರ ಕಾಲು ನೋಡ್ಕಳ್ಳಾ" ಎಂದು ಬುತ್ತಿಯನ್ನು ನನ್ನ ಕೈಗೇ ಕೊಟ್ಟಳು. ಗೋಡೆಯ ವಿಷಯ ಎಂದೋ ಮಾಸಿಹೋಗಿತ್ತು, ಆದರೂ ಅವಳು ನೇರವಾಗಿ ನನ್ನ ಕೈಗೆ ಏನನ್ನಾದರೂ ಕೊಟ್ಟಾಗ ನನಗೆ ಈಗಲೂ ಅದು ನೆನಪಾಗುತ್ತದೆ.

ಊಟದ ಹೊತ್ತಿಗೆ ಕೆರೆಯಂಗಳ ತಲುಪುವ ಹಾಗೆ ಭಾವ ಲೆಕ್ಕ ಹಾಕಿದ್ದರು. ಆ ಬಿಸಿಲಿಗೆ ಜನ ಮನೆಯಲ್ಲಿರುತ್ತಾರೆ. ನಿಜವಾಗಿಯೂ ಒಂದು ನರಪಿಳ್ಳೆಯೂ ಇರಲಿಲ್ಲ. ಸ್ಪರ್ಧೆಯವರು ಕಟ್ಟಿದ್ದ ಬಣ್ಣದ ಪಟ್ಟಿಗಳು ಹರಿದು ಗೂಟಕ್ಕೆ ಸುತ್ತಿಕೊಂಡಿದ್ದವು. ಹೊಂಡದ ನೀರು ಇಂಗಿ ಕೆಸರು ಇನ್ನಷ್ಟು ಅಂಟಾಗಿತ್ತು, ಭಾನುವಾರಕ್ಕಿಂತ ಕಷ್ಟವೇ.

ಭಾವ ಜೀಪು ಹತ್ತುವ ಮೊದಲು ನನ್ನ ಕಡೆ ಬೆರಳು ತೋರಿಸಿದರು. "ನೀನು ಅಗ್ಗ ಕಟ್ಟಿ ಅತ್ಲಾಗ್ ಓಗಿ ನಿಂತ್ಕ. ಬೂಮಿ ಬಾಯ್ಬುಟ್ರೂ ಇತ್ಲಾಗ್ ಬರ್ಬ್ಯಾಡ. ನೋಡು, ಯೋಳು, ಅಷ್ಟೇ ನಿನ್ ಕೆಲ್ಸ."

"ಅದೊಂದು ನಂಗೆ ಬತ್ತದೆ ಬುಡಿ" ಎಂದೆ. ತಮಾಷೆಗೆ ಹೇಳಿದ್ದಲ್ಲ.

ಭಾವ ಜೀಪನ್ನು ಹೊಂಡಕ್ಕೆ ಇಳಿಸಿದರು. ಅದೇ ಹುಣಸೆ, ಅದೇ ಪಟ್ಟಿ, ಅದೇ ಗೋಣಿಚೀಲ. ಕಟ್ಟಿ, ಸುತ್ತಿ ಬಂದು ಹೊಂಡದ ಹಿಂಬದಿಯ ದಡದ ಮೇಲೆ ನಿಂತೆ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. ಗಾಣದ ಚಕ್ರಗಳು ತಿರುಗಿದವು. ಜೀಪು ಗೇಣು ಗೇಣಾಗಿ ಬಂತು. ಆ ಬಯಲಿನಲ್ಲಿ ಆ ಸದ್ದು ಬಿಟ್ಟು ಬೇರೆ ಏನೂ ಇರಲಿಲ್ಲ. ಮುಂದಿನ ಗಾಲಿಗಳು ಅಂಚಿಗೆ ತಾಕಿ ಇಂಜಿನ್ ಕುಗ್ಗಿತು. ಭಾವ ಕ್ಲಚ್ಚು ತುಳಿದರು, ಒಂದು ಗಳಿಗೆ ತಡೆದರು, ಮತ್ತೆ ಎಳೆತ ಕೊಟ್ಟರು. ಮೂತಿ ಮೇಲೆದ್ದಿತು. ಹಿಂದಿನ ಭಾಗ ಕೆಸರಿನಲ್ಲಿ ಇನ್ನೂ ಕೆಳಗಿಳಿಯಿತು. ಇಂಜಿನ್ ಮತ್ತೆ ನರಳಿತು, ಮತ್ತೆ ಕ್ಲಚ್ಚು. ಪಕ್ಕದ ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಹಲ್ಲು ಕಚ್ಚಿಕೊಂಡಿದ್ದರು. ಎಡಗೈಯಿಂದ ಮಂಡಿಯನ್ನು ಒತ್ತಿ ಹಿಡಿದು ಕ್ಲಚ್ಚು ತುಳಿಯುತ್ತಿದ್ದರು. ಮೂರನೆಯ ಸಲ ಕೊಟ್ಟರು. ಡ್ರಮ್ಮು ತಿರುಗುತ್ತಿದೆಯೋ ಇಲ್ಲವೋ ನಾನಿದ್ದ ಕಡೆಯಿಂದ ಕಾಣುತ್ತಿರಲಿಲ್ಲ.

ಆಮೇಲಿನದನ್ನು ನಾನು ಸರಿಯಾಗಿ ಹೇಳಲಾರೆ. ಯಾವಾಗ ಇಳಿದೆ ಎಂಬುದು ನನಗೆ ತಿಳಿಯದು. ಮೊದಲು ತಿಳಿದದ್ದು ಹೆಗಲಿಗೆ ಒತ್ತುತ್ತಿದ್ದ ಬಿಸಿ ತಗಡು. ಚಪ್ಪಲಿ ಎಲ್ಲೋ ಹೋಗಿತ್ತು, ತೊಡೆಯ ತನಕ ಕೆಸರು, ಬಾಯಲ್ಲಿ ಐಸಾ ಐಸಾ ಎಂದು ನಾನೊಬ್ಬನೇ ಕೂಗುತ್ತಿದ್ದೆ. ಜೀಪು ನನ್ನ ಹೆಗಲಿನಿಂದ ಬಿಡಿಸಿಕೊಂಡು ಮೇಲೆ ಹೋಯಿತು. ನಾನು ಮುಂದಕ್ಕೆ ಮುಗ್ಗರಿಸಿ ಕೆಸರಿನಲ್ಲಿ ಕೈಯೂರಿದೆ.

ಭಾವ ಇಂಜಿನ್ ಆರಿಸಿ, ಕುಂಟುತ್ತಾ ಇಳಿದು ಹಿಂದಕ್ಕೆ ಬಂದರು. ಜೀಪಿನ ಹಿಂಬದಿಯ ತಗಡಿನ ಮೇಲೆ ನನ್ನ ಎರಡೂ ಅಂಗೈಗಳ ಗುರುತು ಮೂಡಿತ್ತು. ಅದನ್ನು ನೋಡಿದರು. ನನ್ನನ್ನು ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ.

"ನೀನು ಕೈ ಆಕ್ದಾಗ ಬತ್ತಿತ್ತಾ, ನಿಂತಿತ್ತಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೇ ಅಳತೆ. ಎಷ್ಟೋ ಹೊಲಗಳ ಅಂಚಿನಲ್ಲಿ, ಎಷ್ಟೋ ಜನರ ಮುಖ ಸಪ್ಪಗಾಗುವುದನ್ನು ನೋಡುತ್ತಲೇ, ನಾನು ಅದನ್ನೇ ಹೇಳಿಕೊಂಡು ಬಂದವನು.

"ಬತ್ತಿತ್ತು ಬಾವ" ಎಂದೆ.

"ಬತ್ತಿದ್ರೆ ಯಾಕ್ಲಾ ತಳ್ದೆ?"

"ಸುಮ್ಕೆ ನಿಂತ್ಕಂಡು ನೋಡಕ್ಕಾಗ್ಲಿಲ್ಲ."

ಭಾವ ಬಹಳ ಹೊತ್ತು ನನ್ನ ಮುಖ ನೋಡಿದರು, ಗೋಡೆ ಅಳೆದ ದಿನ ನೋಡಿದ ಹಾಗೆಯೇ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು, ನನ್ನನ್ನು ಆ ಕಡೆ ತಿರುಗಿಸಿ ನಿಲ್ಲಿಸಿ, ಕತ್ತಿನಿಂದ ಹೆಗಲ ತನಕ ಕೆಸರು ಒರೆಸತೊಡಗಿದರು.

"ಅಳ್ತೆ ಅಳ್ತೆನೇ ಬುಡು" ಎಂದರು.